ಪ್ರಿಸಿಲ್ಲಾಳನ್ನು ಕೊಲ್ಲದೆ ಬಿಟ್ಟದ್ದು ಸರಿಯೇ? ನಮ್ಮ ಮನೆಯ ಗುಂಪಿನಲ್ಲಿ ‘ಕ್ಲೇಮೋರ್’ ಚರ್ಚೆ

ಸುಮಾ ಅತ್ತೆ: ನಿಖಿಲ್, ಹೋದ ತಿಂಗಳು ನೀನು ಇಲ್ಲಿ ಹಾಕಿದ ‘ಕ್ಲೇಮೋರ್’ ಅನಿಮೆಯನ್ನು (ಜಪಾನಿ ಕಾರ್ಟೂನ್ ಸರಣಿಯನ್ನು) ನೋಡಬೇಕೆಂದು ನಮ್ಮ ಆದಿ ಹಠ ಹಿಡಿದ. ಎಂಟನೇ ತರಗತಿಯ ಹುಡುಗನಿಗೆ ತೋರಿಸುವ ಮೊದಲು ನಾನೇ ನೋಡಿಬಿಡೋಣವೆಂದು ಕುಳಿತವಳು 26 ಕಂತುಗಳನ್ನೂ ಮುಗಿಸಿದೆ. ಮನುಷ್ಯರ ರೂಪ ತಾಳಿ ಅವರನ್ನೇ ತಿನ್ನುವ ಯೋಮಾ ಪಿಶಾಚಿಗಳ ರಕ್ತಕ್ಕೆ ನೇರಳೆ ಬಣ್ಣ ಕೊಟ್ಟ ಮಾತ್ರಕ್ಕೆ ಕರುಳು ಬಗೆಯುವ ದೃಶ್ಯಗಳು ಮಕ್ಕಳು ನೋಡುವಂಥವಾಗುವುದಿಲ್ಲ. ಮನೆಯವರೆಲ್ಲ ಇರುವ ಗುಂಪಿನಲ್ಲಿ ಹಾಕುವಾಗ ಒಂದು ಎಚ್ಚರಿಕೆಯ ಮಾತನ್ನಾದರೂ ಬರೆಯಬೇಕಿತ್ತು.

ನಿಖಿಲ್: ತಪ್ಪು ನನ್ನದೇ ಅತ್ತೆ, ಆದಿಗೆ ಈಗಲೇ ಬೇಡ. ಆದರೆ ಅಲ್ಲಿನ ಹಿಂಸೆ ಬರೀ ಬೆಚ್ಚಿಬೀಳಿಸುವುದಕ್ಕೆ ಇಟ್ಟದ್ದಲ್ಲ. ಎರಡನೇ ಕಂತಿನ ಕಪ್ಪು ಚೀಟಿಯನ್ನು ನೆನಪು ಮಾಡಿಕೊಳ್ಳಿ. ಯೋಮಾಗಳನ್ನು ಬೇಟೆಯಾಡಲು ಒಂದು ಸಂಸ್ಥೆ ತಯಾರು ಮಾಡಿದ ಕತ್ತಿ ಹಿಡಿದ ಯೋಧೆಯರೇ ಕ್ಲೇಮೋರ್‌ಗಳು; ಯೋಮಾದ ಮಾಂಸವನ್ನು ಮೈಯೊಳಗೆ ಹೊತ್ತ ಈ ಹೆಣ್ಣುಗಳು ಮಿತಿ ಮೀರಿ ಶಕ್ತಿ ಬಳಸಿದರೆ ತಾವೇ ಪಿಶಾಚಿಗಳಾಗುತ್ತಾರೆ. ಆ ಗಳಿಗೆ ಹತ್ತಿರವಾದಾಗ, ಯಾರ ಕೈಯಿಂದ ಸಾಯಲು ಬಯಸುತ್ತಾರೋ ಅವರಿಗೆ ಕಳಿಸಲೆಂದು ಪ್ರತಿಯೊಬ್ಬಳ ಕತ್ತಿಯ ಹಿಡಿಯಲ್ಲಿ ಒಂದು ಕಪ್ಪು ಚೀಟಿ ಇರುತ್ತದೆ. ಎಲೆನಾ ಎಂಬ ಯೋಧೆ ಅದನ್ನು ಕಥಾನಾಯಕಿ ಕ್ಲೇರ್‌ಗೆ ಕಳಿಸುತ್ತಾಳೆ; ತರಬೇತಿಯ ದಿನಗಳಲ್ಲಿ ರಾತ್ರಿಯೆಲ್ಲ ನೋವು ತಾಳಲಾರದೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗುತ್ತಿದ್ದ ಗೆಳತಿಯರು ಅವರು. ಸಾವನ್ನೇ ಸ್ನೇಹದ ಕೊನೆಯ ಬೇಡಿಕೆಯಾಗಿಸಿದ ಆ ಕಲ್ಪನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಶಾಲಿನಿ: ಅದನ್ನು ನಾನೂ ಒಪ್ಪುತ್ತೇನೆ. ಐದರಿಂದ ಎಂಟನೇ ಕಂತಿನವರೆಗಿನ, ಹಿಂದಿನ ಕಾಲದ ಅತಿ ಬಲಿಷ್ಠ ಯೋಧೆ ತೆರೇಸಾಳ ಕಥೆಯಂತೂ ಇಡೀ ಸರಣಿಯ ಜೀವ. ಆಗಿನ್ನೂ ಮಾತೇ ಆಡದ ಅನಾಥ ಹುಡುಗಿ ಕ್ಲೇರ್, ದೂಡಿದರೂ ಬಿಡದೆ ಹಿಂದೆ ಬರುತ್ತಾಳೆ. ಯಾರ ಮುಂದೆಯೂ ಸೋಲದ ತೆರೇಸಾ ಆ ಪುಟ್ಟ ತೋಳುಗಳ ಅಪ್ಪುಗೆಗೆ ಸೋಲುತ್ತಾಳೆ. ಅವಳಿಗಾಗಿ ದರೋಡೆಕೋರರನ್ನು ಕಡಿದು, ಮನುಷ್ಯರನ್ನು ಕೊಲ್ಲಬಾರದೆಂಬ ಸಂಸ್ಥೆಯ ಕಟ್ಟಳೆ ಮುರಿದು, ತನ್ನ ತಲೆಯ ಮೇಲೆ ಮರಣದಂಡನೆ ತಂದುಕೊಳ್ಳುತ್ತಾಳೆ. ಇಷ್ಟು ಗಟ್ಟಿಯಾಗಿ ಕಟ್ಟಿದ ಕಥೆಯನ್ನು ಕೊನೆಯ ಕಂತುಗಳಲ್ಲಿ ಕೈಬಿಟ್ಟರಲ್ಲ ಎಂಬುದೇ ನನ್ನ ಸಂಕಟ. ಇದರ ಮೂಲವಾದ ನೊರಿಹಿರೊ ಯಾಗಿ ಅವರ ಮಂಗಾ (ಜಪಾನಿ ಚಿತ್ರಕಥೆ) 2001ರಲ್ಲಿ ಆರಂಭವಾಗಿ 2014ರಲ್ಲಿ, 27 ಸಂಪುಟಗಳಲ್ಲಿ ಮುಗಿಯಿತು. ಮ್ಯಾಡ್‌ಹೌಸ್ ಸ್ಟುಡಿಯೋದ ಅನಿಮೆ ಬಂದದ್ದು 2007ರಲ್ಲಿ. ಮೂಲ ಕಥೆ ಇನ್ನೂ ನಡುದಾರಿಯಲ್ಲಿದ್ದಾಗಲೇ ಮುಕ್ತಾಯವೊಂದನ್ನು ಹೊಸೆದು ಅಂಟಿಸಿದರು.

ಸುಮಾ ಅತ್ತೆ: ಅಂಟಿಸಿದ್ದೆಂದು ನನಗೆ ಅನ್ನಿಸಲಿಲ್ಲ ಶಾಲಿನಿ. ಕೊನೆಯಲ್ಲಿ ಕ್ಲೇರ್ ಜೊತೆ ಅಲೆಯುತ್ತಿದ್ದ ಹುಡುಗ ರಾಕಿ ಬೇಡಿಕೊಂಡಾಗ ಅವಳು ಸೇಡು ಬಿಟ್ಟು, ತೆರೇಸಾಳನ್ನು ಕೊಂದ ಪ್ರಿಸಿಲ್ಲಾಳನ್ನು ಉಳಿಸುತ್ತಾಳೆ. ತಂದೆಯ ರೂಪದಲ್ಲಿದ್ದ ಯೋಮಾ ಮನೆಯವರನ್ನು ತಿನ್ನುವುದನ್ನು ಕಂಡು ಅದರ ತಲೆ ಕಡಿದ ಮಗು ಆ ಪ್ರಿಸಿಲ್ಲಾ. ಅವಳನ್ನೂ ಕೊಂದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತಿರಲಿಲ್ಲ.

ಶಾಲಿನಿ: ಆ ಮಗುವಿನ ಮೇಲೆ ನನಗೂ ಮರುಕವಿದೆ ಅತ್ತೆ. ಆದರೆ ತೆರೇಸಾ ಸತ್ತದ್ದು ಹೇಗೆ? ತನ್ನನ್ನು ಕೊಲ್ಲಲು ಸಂಸ್ಥೆ ಕಳಿಸಿದ್ದ, ತಾನು ಸೋಲಿಸಿಯೂ ಕೊಲ್ಲದೆ ಬಿಟ್ಟ ಅದೇ ಪ್ರಿಸಿಲ್ಲಾ ಮತ್ತೆ ಬೆನ್ನಟ್ಟಿ ಬಂದು, ಮಿತಿ ಮೀರಿ ಪಿಶಾಚಿಯಾಗತೊಡಗಿ, ಮನುಷ್ಯಳಾಗಿರುವಾಗಲೇ ಕೊಂದುಬಿಡೆಂದು ಅಳುತ್ತ ಬೇಡಿದಾಗ, ಕರಗಿದ ಆ ಒಂದು ಗಳಿಗೆಯಲ್ಲಿ ತೆರೇಸಾಳ ಎರಡು ಕೈಗಳೂ ತಲೆಯೂ ಹೋದವು. ಕಡಿದುಬಿದ್ದ ಆ ತಲೆಯನ್ನು ಎದೆಗವಚಿಕೊಂಡು ನಡೆದ ಹುಡುಗಿ ಕ್ಲೇರ್, ತೆರೇಸಾಳ ಮಾಂಸವನ್ನೇ ತನ್ನೊಳಗೆ ಸೇರಿಸಿಕೊಂಡು 47 ಮಂದಿಯಲ್ಲಿ 47ನೆಯ ಯೋಧೆಯಾದಳು. ಅಂಥವಳು ಮತ್ತೆ ಅದೇ ಕರುಣೆ ತೋರಿಸುವಾಗ, ತೆರೇಸಾ ಆ ಕರುಣೆಗೆ ತೆತ್ತ ಬೆಲೆಯನ್ನು ಯಾರಾದರೂ ಒಮ್ಮೆ ಎತ್ತಬೇಡವೇ? ಕೊನೆಯ ಕಂತು ಎತ್ತುವುದಿಲ್ಲ. ಕ್ಷಮೆ ತಪ್ಪೆಂದು ನಾನು ಹೇಳುತ್ತಿಲ್ಲ. ಕ್ಲೇರ್ ಅದನ್ನು ತೂಗಿ ನೋಡಿ ಕೊಟ್ಟಂತೆ ಕಾಣುವುದಿಲ್ಲ, ಕಂತುಗಳು ಮುಗಿದವೆಂದು ಕೊಟ್ಟಂತೆ ಕಾಣುತ್ತದೆ.

ನಿಖಿಲ್: ಅಕ್ಕ ಹೇಳುವುದರಲ್ಲಿ ತೂಕವಿದೆ. ಇದರಿಂದ ಹೆಚ್ಚು ಅನ್ಯಾಯವಾದದ್ದು ರಾಕಿಗೆ. ಅನಿಮೆಯಲ್ಲಿ ಅವನು ಅಳುತ್ತ ಕ್ಲೇರ್ ಹೆಸರು ಕೂಗುವ ಹುಡುಗನಾಗಿಯೇ ಉಳಿದುಬಿಡುತ್ತಾನೆ. ಮಂಗಾದಲ್ಲಿ ಉತ್ತರದ ಯುದ್ಧಕ್ಕೆ ಹೋದ 24 ಮಂದಿಯಲ್ಲಿ ಬದುಕುಳಿದ ಏಳು ಮಂದಿ ಏಳು ವರ್ಷ ತಲೆಮರೆಸಿಕೊಂಡಿರುತ್ತಾರೆ; ಆ ಅವಧಿಯಲ್ಲಿ ರಾಕಿ ಕತ್ತಿ ಕಲಿತು ಗಂಡಸಾಗಿ ಮರಳುತ್ತಾನೆ. ಕಥೆ ಅಲ್ಲಿಗೆ ತಲುಪುವ ಮೊದಲೇ ಮುಗಿಸಿದ್ದರಿಂದ, ಅವನ ಅಳುವಿಗೆ ಸಿಗಬೇಕಿದ್ದ ಉತ್ತರ ತೆರೆಯ ಮೇಲೆ ಸಿಗಲೇ ಇಲ್ಲ.

ಸುಮಾ ಅತ್ತೆ: ಆ ಏಳು ವರ್ಷಗಳ ವಿಷಯ ನನಗೆ ತಿಳಿದಿರಲಿಲ್ಲ. ತೆರೇಸಾಳ ನೆನಪನ್ನು ಅಲ್ಲಿ ತರಬೇಕಿತ್ತು ಎಂಬ ಮಾತನ್ನೂ ಒಪ್ಪಿದೆ. ಆದರೂ ಕ್ಲೇರ್ ಕತ್ತಿ ಇಳಿಸಿದ್ದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ ಶಾಲಿನಿ. ನಿಖಿಲ್, ಹಬ್ಬಕ್ಕೆ ಊರಿಗೆ ಬರುವಾಗ ಉತ್ತರದ ಯುದ್ಧದ ನಂತರದ ಸಂಪುಟಗಳು ನಿನ್ನ ಬಳಿ ಇದ್ದರೆ ತೆಗೆದುಕೊಂಡು ಬಾ. ರಾಕಿ ದೊಡ್ಡವನಾಗಿ ಬರುವುದನ್ನು ನಾನು ಓದಬೇಕು.