ರಾತ್ರಿ ಒಂಟಿಯಾಗಿ ಮಲಗಲು ಒಪ್ಪದ ಒಂಬತ್ತು ವಾರದ ಮರಿ

ನಿದ್ದೆಗೆಟ್ಟವಳು:

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನಗಳ ಹಿಂದೆ ಒಂಬತ್ತು ವಾರದ ಹೆಣ್ಣು ನಾಯಿಮರಿಯೊಂದನ್ನು ಮನೆಗೆ ತಂದಿದ್ದೇವೆ. ಹಗಲಿನಲ್ಲಿ ಅದರಷ್ಟು ಸಂಭಾವಿತ ಪ್ರಾಣಿ ಇನ್ನೊಂದಿಲ್ಲ. ತಿನ್ನುತ್ತದೆ, ಆಡುತ್ತದೆ, ಆಡುತ್ತಾಡುತ್ತಲೇ ನನ್ನ ಪಾದದ ಮೇಲೆ ಗದ್ದವೂರಿ ನಿದ್ದೆ ಹೋಗುತ್ತದೆ. ತೊಂದರೆಯೆಲ್ಲ ರಾತ್ರಿಯದು. ಹತ್ತೂವರೆಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕ್ರೇಟಿನೊಳಗೆ (ಸರಳಿನ ಬಾಗಿಲಿರುವ ನಾಯಿಗೂಡು) ಮಲಗಿಸಿ, ದೀಪ ಆರಿಸಿ, ಬಾಗಿಲೆಳೆದುಕೊಂಡು ಬಂದ ಐದು ನಿಮಿಷಕ್ಕೆ ಅಳು ಶುರುವಾಗುತ್ತದೆ. ಮೊದಲು ಸಣ್ಣಗೆ ಕುಂಯ್‌ಗುಟ್ಟುತ್ತದೆ, ಆಮೇಲೆ ಬೊಗಳುತ್ತದೆ, ಕೊನೆಗೆ ಕತ್ತೆತ್ತಿ ಊಳಿಡುತ್ತದೆ.

ಮೊದಲ ರಾತ್ರಿ ನಲವತ್ತು ನಿಮಿಷ ಕಾದು, ಮನಸ್ಸು ತಡೆಯದೆ ಎತ್ತಿಕೊಂಡು ಬಂದು ನಮ್ಮ ಹಾಸಿಗೆಯಲ್ಲೇ ಮಲಗಿಸಿಕೊಂಡೆ. ಹೀಗೆ ಮಾಡಿದರೆ ಅದೇ ಅಭ್ಯಾಸವಾದೀತೆಂದು ಮನೆಯವರು ಹೇಳಿದ್ದರಿಂದ ಎರಡನೆಯ ರಾತ್ರಿ ಯಾರೂ ಏಳಲಿಲ್ಲ. ಒಂದೂಮುಕ್ಕಾಲು ಗಂಟೆ ಅತ್ತು ತಾನಾಗಿಯೇ ಸುಮ್ಮನಾಯಿತು. ಗೆದ್ದೆವೆಂದುಕೊಂಡು ಬೆಳಿಗ್ಗೆ ಹೋಗಿ ನೋಡಿದರೆ ಹಾಸಿದ್ದ ಟವೆಲ್ ಒಂದು ಮೂಲೆಯಲ್ಲಿ ಒದ್ದೆ ಮುದ್ದೆಯಾಗಿ ಬಿದ್ದಿತ್ತು, ಬಾಗಿಲಿನ ಸರಳುಗಳಿಗೆ ಜೊಲ್ಲು ಒಣಗಿ ಅಂಟಿತ್ತು, ಮರಿ ತನ್ನ ಉಚ್ಚೆಯಿಂದ ಆದಷ್ಟು ದೂರ ಸರಿದು ಕೂತು ನಡುಗುತ್ತಿತ್ತು. ಮೂರನೆಯ ರಾತ್ರಿ ನಡುನಡುವೆ ಹೋಗಿ ಗದರಿ ಬಂದೆ, ನಾಲ್ಕನೆಯ ರಾತ್ರಿ ಮತ್ತೆ ಹಾಸಿಗೆಗೇ ತಂದೆ. ನಾವೇ ಒಂದು ದಿನ ಮಾಡಿದ್ದನ್ನು ಇನ್ನೊಂದು ದಿನ ಮಾಡದಿರುವಾಗ ಮರಿಗೆ ಏನು ಅರ್ಥವಾಗಬೇಕೆಂಬುದು ನನಗೂ ತಿಳಿಯುತ್ತಿಲ್ಲ.

ಅತ್ತಾಗ ಹೋಗಬೇಕೋ, ಹೋಗಬಾರದೋ? ಸಂಜೆಯ ನಂತರ ನೀರು ಕೊಡುವುದನ್ನು ನಿಲ್ಲಿಸಬೇಕೇ? ಇಡೀ ರಾತ್ರಿ ಮಲಗುವುದು ಯಾವಾಗಿನಿಂದ? ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವಳು ನಾನು, ಆದ್ದರಿಂದ ಉತ್ತರಗಳು ಸ್ವಲ್ಪ ಬೇಗ ಬಂದರೆ ಉಪಕಾರವಾದೀತು.

ಹಳೆಯ ಪದ್ಧತಿಯವನು:

ನನ್ನ ಮಾತು ಕಠಿಣವೆನಿಸಿದರೆ ಕ್ಷಮಿಸಿ. ಅಳುವಾಗ ಹೋದರೆ ಅತ್ತರೆ ಜನ ಬರುತ್ತಾರೆಂಬುದನ್ನು ಮರಿ ಕಲಿಯುತ್ತದೆ. ನಾವು ಮೊದಲ ನಾಯಿಯನ್ನು ತಂದಾಗ ಬಾಗಿಲು ಮುಚ್ಚಿ, ಕಿವಿಗೆ ಹತ್ತಿಯಿಟ್ಟುಕೊಂಡು ಮಲಗಿದೆವು. ನಾಲ್ಕನೆಯ ರಾತ್ರಿಗೆ ಸದ್ದಡಗಿತು. ನೀವು ಎರಡನೆಯ ರಾತ್ರಿ ಸರಿಯಾದ ದಾರಿಯಲ್ಲಿದ್ದಿರಿ, ಮೂರನೆಯ ರಾತ್ರಿ ಅದನ್ನು ಕೈಬಿಟ್ಟಿರಿ ಎಂಬುದಷ್ಟೇ ನನ್ನ ಅಭಿಪ್ರಾಯ.

ಮೂರು ನಾಯಿಗಳ ಮನೆ:

ಮೇಲಿನವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಕೆಲವು ಮರಿಗಳು ಹಾಗೆಯೂ ಸುಮ್ಮನಾಗುತ್ತವೆ. ಆದರೆ ಸುಮ್ಮನಾಗುವುದೂ ನೆಮ್ಮದಿಯಾಗುವುದೂ ಒಂದೇ ಅಲ್ಲ. ಪ್ರಶ್ನೆ ಕೇಳಿದವರು ವರ್ಣಿಸಿದ ಒದ್ದೆ ಟವೆಲ್, ಸರಳಿನ ಮೇಲಿನ ಜೊಲ್ಲು, ನಡುಕ, ಇವು ಪಾಠ ಕಲಿತ ಮರಿಯ ಗುರುತುಗಳಲ್ಲ, ಹೆದರಿ ಹೆದರಿ ಸುಸ್ತಾಗಿ ಬಿದ್ದ ಮರಿಯ ಗುರುತುಗಳು. ಕ್ರೇಟೆಂದರೆ ಭಯ ಎಂಬ ನೆನಪು ಒಮ್ಮೆ ಕೂತುಬಿಟ್ಟರೆ ಅದನ್ನು ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ. ನನ್ನ ಎರಡನೆಯ ನಾಯಿಯ ವಿಷಯದಲ್ಲಿ ಈ ತಪ್ಪನ್ನು ಮಾಡಿ, ಅದರ ಫಲವನ್ನು ಒಂದು ವರ್ಷ ಉಂಡವನು ನಾನು.

ಮರಿಯ ಕಡೆಯಿಂದ ಒಮ್ಮೆ ನೋಡಿ. ನಿಮ್ಮ ಮನೆಗೆ ಬರುವ ಹಿಂದಿನ ರಾತ್ರಿಯವರೆಗೆ ಅದು ಒಡಹುಟ್ಟಿದವುಗಳ ರಾಶಿಯಲ್ಲಿ, ಒಂದರ ಬೆನ್ನಿಗೆ ಇನ್ನೊಂದು ಹೊಟ್ಟೆ ಹಚ್ಚಿಕೊಂಡು ಮಲಗಿದೆ. ಹುಟ್ಟಿದ ಮೊದಲ ವಾರಗಳಲ್ಲಿ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲೂ ಆಗದ ಮರಿಗಳಿಗೆ ಆ ರಾಶಿಯೇ ಆಸರೆಯಾಗಿರುತ್ತದೆ. ಗುಂಪಿನಿಂದ ಬೇರೆಯಾದ ಮರಿ ಕೂಗುವುದು ತಾಯಿ ಬಂದು ಹುಡುಕಲೆಂದು. ಅದು ಹಟವಲ್ಲ, ಹುಟ್ಟಿನಿಂದ ಬಂದ ಗುಣ. ಆ ಕೂಗಿಗೆ ಓಗೊಡುವುದರಿಂದ ಮರಿ ಕೆಡುವುದಿಲ್ಲ. ಕೆಡಿಸುವುದು ನಾವು ಒಂದು ದಿನ ಹೋಗಿ ಇನ್ನೊಂದು ದಿನ ಹೋಗದಿರುವುದು, ಅದರಲ್ಲೂ ಒಂದು ಗಂಟೆ ಊಳಿಟ್ಟ ಮೇಲೆಯೇ ಹೋಗುವುದು. ಆಗ ಮರಿ ಕಲಿಯುವ ಪಾಠವೆಂದರೆ ಸಣ್ಣಗೆ ಅತ್ತರೆ ಸಾಲದು, ದೊಡ್ಡದಾಗಿ, ಬಹಳ ಹೊತ್ತು ಅಳಬೇಕು ಎಂಬುದೇ.

ಆದ್ದರಿಂದ ಇವತ್ತೇ ಕ್ರೇಟನ್ನು ನಿಮ್ಮ ಮಂಚದ ಪಕ್ಕಕ್ಕೆ ತನ್ನಿ. ನೆಲದ ಮೇಲಿಟ್ಟರೆ ಅದಕ್ಕೆ ನೀವು ಕಾಣಿಸುವುದಿಲ್ಲ. ಅಲುಗಾಡದ, ಅಗಲವಾದ ಸ್ಟೂಲಿನ ಮೇಲೆ ಹಾಸಿಗೆಯ ಎತ್ತರಕ್ಕೆ ಭದ್ರವಾಗಿಟ್ಟರೆ ನಿಮ್ಮ ಮುಖ ಕಾಣುತ್ತದೆ, ಉಸಿರಿನ ಸದ್ದು ಕೇಳುತ್ತದೆ. ಕುಂಯ್‌ಗುಟ್ಟಿದಾಗ ಮಾತನಾಡದೆ ಎರಡು ಬೆರಳನ್ನು ಸರಳಿನ ನಡುವೆ ತೂರಿಸಿ. ಬಹುಪಾಲು ಮರಿಗಳು ಮೂಸಿ, ಒಮ್ಮೆ ನೆಕ್ಕಿ, ಅಲ್ಲೇ ಮೂತಿಯಿಟ್ಟು ಮಲಗಿಬಿಡುತ್ತವೆ. ಒಳಗೆ ನೀವು ಉಟ್ಟು ಬಿಟ್ಟ, ಒಗೆಯದ ಹಳೆಯ ಅಂಗಿಯನ್ನು ಹಾಸಿ. ತಾಯಿನಾಯಿಯ ಬಳಿಯಿದ್ದ ಬಟ್ಟೆಯ ತುಂಡು ಸಿಕ್ಕಿದರೆ ಅದು ಇನ್ನೂ ಒಳ್ಳೆಯದು. ಟಿಕ್‌ಟಿಕ್ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಡುವ ಉಪಾಯವನ್ನು ಕೆಲವರು ಬಹಳ ಹೊಗಳುತ್ತಾರೆ, ನನ್ನ ಮೂರೂ ನಾಯಿಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕುತ್ತಿಗೆಯ ಪಟ್ಟಿಯನ್ನು ಮಾತ್ರ ಬಿಚ್ಚಿಯೇ ಒಳಗೆ ಬಿಡಿ, ಸರಳಿಗೆ ಸಿಕ್ಕಿಕೊಂಡರೆ ಉರುಳಾಗುತ್ತದೆ.

ಮಂಚದ ಮೇಲೆಯೇ ಮಲಗಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಅದು ನಿಮ್ಮಿಷ್ಟ, ಮುಂದೆಯೂ ಅಲ್ಲೇ ಮಲಗಿಸಿಕೊಳ್ಳುವ ಮನಸ್ಸಿದ್ದರೆ ತಪ್ಪೇನಿಲ್ಲ. ಒಂಟಿಯಾಗಿ ಮಲಗುವುದನ್ನು ಕಲಿಸಬೇಕೆಂಬುದು ಗುರಿಯಾಗಿದ್ದರೆ ಮಂಚದ ಪಕ್ಕದಿಂದ ಶುರು ಮಾಡಿ ದೂರ ಸರಿಸುವುದು ಸುಲಭ, ಮಂಚದ ಮೇಲಿನಿಂದ ಇಳಿಸುವುದು ಕಷ್ಟ.

ಪಶುವೈದ್ಯೆಯಾಗಿ ಒಂದೆರಡು ಮಾತು:

ಮೇಲಿನ ಉತ್ತರಕ್ಕೆ ನನ್ನ ಒಪ್ಪಿಗೆಯಿದೆ. ನಾನು ಮೂತ್ರದ ಲೆಕ್ಕವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ರಾತ್ರಿಯ ಅಳುವಿನಲ್ಲಿ ಅರ್ಧ ಭಾಗ ಒಂಟಿತನದ್ದಾದರೆ ಉಳಿದರ್ಧ ತುಂಬಿದ ಮೂತ್ರಕೋಶದ್ದು. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು ಎಂಬುದು ರೂಢಿಯಲ್ಲಿರುವ ಅಂದಾಜು. ನಿಮ್ಮ ಮರಿಗೆ ಎರಡು ತಿಂಗಳು, ಅಂದರೆ ಹೆಚ್ಚೆಂದರೆ 3 ಗಂಟೆ; ನಿದ್ದೆಯಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ತಡೆಯಬಹುದು. ಹತ್ತೂವರೆಗೆ ಮಲಗಿಸಿ ಆರು ಗಂಟೆಯವರೆಗೆ ಕಾಯೆಂದರೆ ಆ ದೇಹಕ್ಕೆ ಅದು ಸಾಧ್ಯವೇ ಇಲ್ಲ. ಮಲಗುವ ಜಾಗವನ್ನು ಹೊಲಸು ಮಾಡಬಾರದೆಂಬ ಪ್ರಜ್ಞೆ ಮರಿಗಳಿಗೆ ಬೇಗ ಬರುತ್ತದೆ, ಹೀಗಾಗಿ ತಡೆಯಲಾರದೆ ಕೂಗಿ, ಯಾರೂ ಬಾರದೆ ಅಲ್ಲೇ ಮಾಡಿಕೊಳ್ಳಬೇಕಾಗಿ ಬಂದದ್ದು ಅದಕ್ಕೆ ನಿಮಗಿಂತ ಹೆಚ್ಚಿನ ಸಂಕಟ.

ಅಳುವಿಗೆ ಮೊದಲೇ ನೀವು ಎದ್ದರೆ ಉತ್ತಮ. ಒಂದೂವರೆಗೂ ನಾಲ್ಕೂವರೆಗೂ ಅಲಾರಂ ಇಟ್ಟುಕೊಂಡು, ಮಾತಿಲ್ಲದೆ, ದೊಡ್ಡ ದೀಪ ಹಾಕದೆ, ಎತ್ತಿಕೊಂಡೇ ಹೊರಗೆ ಒಯ್ಯಿರಿ. ನಡೆಸಿಕೊಂಡು ಹೋದರೆ ದಾರಿಯಲ್ಲೇ ಮುಗಿಸಿಬಿಡುತ್ತದೆ. ಮಾಡಿದ ಕ್ಷಣ ಮೆಲುದನಿಯಲ್ಲಿ ಒಂದು ಹೊಗಳಿಕೆ, ಮತ್ತೆ ಒಳಗೆ. ಆಟವಿಲ್ಲ, ಮುದ್ದಿಲ್ಲ, ಸಾಧ್ಯವಾದಷ್ಟು ಬೇಸರದ ಕೆಲಸವಾಗಿರಲಿ. ಮೂರ್ನಾಲ್ಕು ದಿನ ಒಣ ಕ್ರೇಟು ಸಿಕ್ಕಿದರೆ ಅಲಾರಮನ್ನು ಹದಿನೈದು ಹದಿನೈದು ನಿಮಿಷ ಮುಂದಕ್ಕೆ ತಳ್ಳುತ್ತಾ ಹೋಗಿ. ಬಹಳಷ್ಟು ಮರಿಗಳು ನಾಲ್ಕು ತಿಂಗಳ ಸುಮಾರಿಗೆ ಇಡೀ ರಾತ್ರಿ ಮಲಗುವ ಹಂತಕ್ಕೆ ಬರುತ್ತವೆ, ಸಣ್ಣ ತಳಿಗಳು ಇನ್ನೂ ತಡವಾಗಬಹುದು.

ನೀರಿನ ಬಗ್ಗೆ: ಸಂಜೆಯಿಂದಲೇ ನೀರು ನಿಲ್ಲಿಸಬೇಡಿ. ಕೊನೆಯ ಊಟವನ್ನು ಮಲಗುವುದಕ್ಕೆ ಮೂರು ಗಂಟೆ ಮೊದಲು ಮುಗಿಸಿ, ಮಲಗುವ ಮುನ್ನದ ಒಂದು ಗಂಟೆ ಬಟ್ಟಲು ಎತ್ತಿಟ್ಟರೆ ಸಾಕು, ಸೆಕೆಯ ದಿನಗಳಲ್ಲಿ ಅದೂ ಬೇಡ. ತೀರಾ ಪುಟ್ಟ ತಳಿಯ ಮರಿಯಾದರೆ ಬಹಳ ಹೊತ್ತು ಬರಿಹೊಟ್ಟೆಯಲ್ಲಿಟ್ಟಾಗ ರಕ್ತದ ಸಕ್ಕರೆ ಕುಸಿಯುವ ಅಪಾಯವಿದೆ, ಅಂಥವಕ್ಕೆ ಮಲಗುವ ಮೊದಲು ನಾಲ್ಕು ತುತ್ತು ಕೊಡಬೇಕು. ಒದ್ದೆಯಾದ ಜಾಗವನ್ನು ಅಮೋನಿಯಾ ಇರುವ ದ್ರಾವಣದಿಂದ ಒರೆಸಬೇಡಿ, ಆ ವಾಸನೆ ಮರಿಗೆ ಮೂತ್ರದ ವಾಸನೆಯನ್ನೇ ಹೋಲುತ್ತದೆ. ಕಿಣ್ವವಿರುವ ಕ್ಲೀನರ್ ಬಳಸಿ.

ಮರಿ ಗಳಿಗೆಗೊಮ್ಮೆ ಎರಡೆರಡು ಹನಿ ಮೂತ್ರ ಮಾಡುತ್ತಿದ್ದರೆ, ಭೇದಿಯಾಗುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಅಥವಾ ಹಗಲಿನಲ್ಲೂ ಮಂಕಾಗಿ ಊಟ ಬಿಟ್ಟಿದ್ದರೆ ಅದನ್ನು ಒಂಟಿತನದ ಅಳುವೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸಿ. ಲಸಿಕೆ ಪೂರ್ತಿಯಾಗದ ಮರಿಯಲ್ಲಿ ಪಾರ್ವೊ ರೋಗಕ್ಕೆ (ನಾಯಿಗಳಿಂದ ಹರಡುವ, ವಾಂತಿಭೇದಿ ತರುವ ಮಾರಕ ವೈರಸ್ ಸೋಂಕು) ಒಂದು ರಾತ್ರಿಯ ವಿಳಂಬವೂ ದುಬಾರಿ. ಇದೇ ಕಾರಣಕ್ಕೆ, ಬೇರೆ ನಾಯಿಗಳು ತಿರುಗಾಡುವ ಜಾಗಕ್ಕೆ ಅದನ್ನು ಮೂತ್ರಕ್ಕೆಂದು ಒಯ್ಯಬೇಡಿ.

ನಿದ್ದೆಗೆಟ್ಟವಳು:

ಆರು ರಾತ್ರಿಗಳಾದ ಮೇಲೆ ಬರೆಯುತ್ತಿದ್ದೇನೆ. ಕ್ರೇಟನ್ನು ಮಂಚದ ಪಕ್ಕಕ್ಕೆ ತಂದ ಮೊದಲ ರಾತ್ರಿ ಇಪ್ಪತ್ತು ನಿಮಿಷ ಗೊಣಗಿತು, ಆಮೇಲೆ ನನ್ನ ತೋರುಬೆರಳನ್ನು ಬಾಯಲ್ಲಿ ಕಚ್ಚಿಕೊಂಡೇ ಮಲಗಿತು. ನನ್ನ ಕೈ ಜೋಮು ಹಿಡಿದರೂ ತೆಗೆಯಲು ಧೈರ್ಯ ಬರಲಿಲ್ಲ. ಒಂದೂವರೆಯ ಅಲಾರಂ ನಿಜಕ್ಕೂ ಕೆಲಸ ಮಾಡಿದೆ: ಕಣ್ಣು ಮುಚ್ಚಿಕೊಂಡೇ ಹೊರಗೆ ಹೋಗಿ, ಕಣ್ಣು ಮುಚ್ಚಿಕೊಂಡೇ ಮುಗಿಸಿ, ನನ್ನ ತೋಳಿನಲ್ಲೇ ಮತ್ತೆ ನಿದ್ದೆ ಹೋಗುತ್ತದೆ. ನಿನ್ನೆ ನಾಲ್ಕೂವರೆಯ ಅಲಾರಂ ಐದಕ್ಕೆ ಹೋಗಿದೆ, ಕ್ರೇಟು ಒಣಗಿಯೇ ಇತ್ತು.

ಆದರೆ ಹೊಸದೊಂದು ತಲೆನೋವು ಶುರುವಾಗಿದೆ. ಈಗ ಹಗಲಿನಲ್ಲಿ ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತು ಗೋಳಾಡುತ್ತದೆ. ಜೊತೆಗೆ ಸಂಜೆ ಏಳರಿಂದ ಎಂಟೂವರೆಯವರೆಗೆ ಹುಚ್ಚು ಹಿಡಿದ ಹಾಗೆ ಓಡಿ, ಪರದೆ, ಪಾದ, ಕೈ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಮಲಗುವ ಮುನ್ನ ಇನ್ನಷ್ಟು ಆಡಿಸಿ ದಣಿಸಬೇಕೇ?

ಮೂರು ನಾಯಿಗಳ ಮನೆ:

ದಣಿಸಬೇಡಿ, ಅದು ಈಗಾಗಲೇ ದಣಿದಿರುವುದರ ಲಕ್ಷಣ. ಈ ವಯಸ್ಸಿನ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಮನೆಯಲ್ಲಿ ಯಾರಾದರೊಬ್ಬರು ಆಡಿಸುತ್ತಲೇ ಇದ್ದರೆ ಹಗಲಿನ ನಿದ್ದೆ ಕೈತಪ್ಪಿ, ಸಂಜೆಗೆ ಮಕ್ಕಳು ರಚ್ಚೆ ಹಿಡಿಯುವಂತೆ ಇದು ಕಚ್ಚಲು ತೊಡಗುತ್ತದೆ. ಒಂದು ಗಂಟೆ ಎಚ್ಚರವಿದ್ದರೆ ಮುಂದಿನ ಒಂದೂವರೆ ಎರಡು ಗಂಟೆ ಕ್ರೇಟಿನಲ್ಲಿ ಮಲಗುವ ಕ್ರಮ ಮಾಡಿ. ನಿದ್ದೆಯಲ್ಲಿ ಕಾಲು ಅದುರಿಸುವುದು, ಸಣ್ಣಗೆ ಬೊಗಳುವುದು ಕಂಡರೆ ಎಬ್ಬಿಸಬೇಡಿ, ಅದು ಕನಸು ಕಾಣುವ ನಿದ್ದೆಯಲ್ಲಿ ಆಗುವಂಥದ್ದೇ.

ಬಚ್ಚಲಿನ ಗೋಳಿಗೆ ಮದ್ದು ಹಗಲಿನ ಅಭ್ಯಾಸ, ನಿಜ ಹೇಳಬೇಕೆಂದರೆ ರಾತ್ರಿಯ ಪ್ರಶ್ನೆಗೂ ಪೂರ್ತಿ ಉತ್ತರ ಅಲ್ಲೇ ಇದೆ. ಕ್ರೇಟಿನೊಳಗೆ ಜಗಿಯಲು ಏನಾದರೂ ಕೊಟ್ಟು, ಬಾಗಿಲು ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು, ಮರಿ ತಲೆಯೆತ್ತುವ ಮೊದಲೇ ವಾಪಸು ಬನ್ನಿ. ಹತ್ತು ಸಲ ಹೀಗಾದ ಮೇಲೆ ಮೂರು ಹೆಜ್ಜೆ. ಆಮೇಲೆ ಕೋಣೆಯ ಬಾಗಿಲವರೆಗೆ. ಆಮೇಲೆ ಚಿಲಕದ ಮೇಲೆ ಕೈಯಿಟ್ಟು ಸದ್ದು ಮಾಡಿ ಮರಳುವುದು, ಆಮೇಲೆ ಹೊರಗೆ ಹೋಗಿ ಐದು ಎಣಿಸುವುದು. ಹೋಗುವಾಗ ಬೀಳ್ಕೊಡುಗೆ ಬೇಡ, ಬಂದಾಗ ಸಂಭ್ರಮವೂ ಬೇಡ. ಜಗಿಯುವುದನ್ನು ನಿಲ್ಲಿಸಿ ನಿಮ್ಮತ್ತಲೇ ನೋಡುತ್ತಿದ್ದರೆ ನೀವು ಅವಸರ ಮಾಡಿದ್ದೀರೆಂದು ತಿಳಿದು ಒಂದು ಮೆಟ್ಟಿಲು ಕೆಳಗಿಳಿಯಿರಿ. ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಮೂರು ನಿಮಿಷ ಸಾಕು.

ಇದು ಹಗಲಿನಲ್ಲಿ ಹತ್ತು ನಿಮಿಷಕ್ಕೆ ಮುಟ್ಟಿದ ಮೇಲೆ, ಒಂದು ವಾರವಿಡೀ ರಾತ್ರಿ ಅಳುವಿಲ್ಲದಿದ್ದರೆ ಕ್ರೇಟನ್ನು ನೆಲಕ್ಕಿಳಿಸಿ. ಅಲ್ಲಿಂದ ಎರಡು ಮೂರು ರಾತ್ರಿಗೊಮ್ಮೆ ಒಂದು ಮೊಳ ಕೋಣೆಯ ಬಾಗಿಲಿನತ್ತ ಸರಿಸಿ. ಬಾಗಿಲ ಹೊಸ್ತಿಲನ್ನು ದಾಟಿಸುವ ರಾತ್ರಿ ಸ್ವಲ್ಪ ಗೊಣಗಾಟ ಇದ್ದೇ ಇರುತ್ತದೆ. ನಡುನಡುವೆ ನಿಲ್ಲುತ್ತಾ, ನಿಮ್ಮ ಪ್ರತಿಕ್ರಿಯೆಗೆ ಕಿವಿಗೊಡುತ್ತಾ ಮಾಡುವ ಗೊಣಗಾಟವಾದರೆ ಎರಡು ಮೂರು ನಿಮಿಷ ಕಾದು ನೋಡಬಹುದು. ಉಸಿರು ಬಿಡದೆ ಏರುತ್ತಲೇ ಹೋಗುವ ಕೂಗಾದರೆ ಕಾಯಬೇಡಿ, ಎದ್ದು ಹೋಗಿ, ಮರುದಿನ ಕ್ರೇಟನ್ನು ಹಿಂದಿನ ಜಾಗಕ್ಕೇ ತನ್ನಿ.

ಹಳೆಯ ಪದ್ಧತಿಯವನು:

ಎರಡು ಬಗೆಯ ಅಳುವನ್ನು ಬೇರ್ಪಡಿಸಿ ಹೇಳಿದ್ದು ನನಗೂ ಹೊಸದು. ನಮ್ಮ ನಾಯಿ ಮುದಿಯಾಗುವವರೆಗೂ ಬಾಗಿಲು ಮುಚ್ಚಿದರೆ ಕೆರೆಯುತ್ತಿತ್ತು, ಅದು ಅದರ ಸ್ವಭಾವವೆಂದೇ ನಾವು ತಿಳಿದಿದ್ದೆವು.

ನಿದ್ದೆಗೆಟ್ಟವಳು:

ನಿನ್ನೆ ಹಗಲು ಚಿಲಕದ ಹಂತದವರೆಗೆ ಬಂದೆವು. ಚಿಲಕದ ಸದ್ದಿಗೆ ಒಂದು ಕಿವಿ ಮಾತ್ರ ನಿಮಿರಿತು, ಜಗಿಯುವುದು ನಿಲ್ಲಲಿಲ್ಲ. ಹೊರಗೆ ನಿಂತು ಐದು ಎಣಿಸುವುದನ್ನು ನಾಳೆಯಿಂದ ಶುರು ಮಾಡುತ್ತೇನೆ. ಕ್ರೇಟು ಸದ್ಯಕ್ಕೆ ಸ್ಟೂಲಿನ ಮೇಲೆಯೇ ಇರಲಿ.