ಶಾರ್ಜಾದಲ್ಲಿ ತೀರಿಕೊಂಡ ಭಾವನ ಮರಣ ಪತ್ರ: ಊರಿನ ಪಂಚಾಯಿತಿಯಲ್ಲಿ ಸಿಗುತ್ತದಾ?

ಪ್ರಶ್ನೆ:
ನಮಸ್ಕಾರ ಸರ್. ನಮ್ಮದು ಕುಂದಾಪುರದ ಹತ್ತಿರ ಒಂದು ಹಳ್ಳಿ. ಅಕ್ಕನ ಗಂಡ ಶಾರ್ಜಾದಲ್ಲಿ 11 ವರ್ಷ ದುಡಿದವರು. ನಾಲ್ಕು ತಿಂಗಳ ಹಿಂದೆ ರೂಮಿನಲ್ಲೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಮಂಗಳೂರಿಗೆ ಶವ ಬಂತು, ಊರಿನಲ್ಲೇ ಸಂಸ್ಕಾರ ಮಾಡಿದೆವು. ಈಗ ಜಮೀನಿನ ಪೌತಿ ಖಾತೆಗೆ ಮರಣ ಪತ್ರ ಬೇಕು. ಪಂಚಾಯಿತಿಯಲ್ಲಿ ಆಗುವುದಿಲ್ಲ ಎಂದರು. ಒಬ್ಬರು, 'ಮನೆಯಲ್ಲೇ ಹೋದರು ಅಂತ ಬರೆಸಿಬಿಡಿ' ಅನ್ನುತ್ತಿದ್ದಾರೆ. ನಮ್ಮ ಹತ್ತಿರ ಇರುವುದು ಅರೇಬಿಕ್ ಕಾಗದದ ಒಂದು ಜೆರಾಕ್ಸ್ ಮತ್ತು ರದ್ದಾದ ಪಾಸ್‌ಪೋರ್ಟ್. ಮುಂದೇನು?

ಉತ್ತರ:
ಅಕ್ಕನಿಗೆ ಧೈರ್ಯ ಹೇಳಿ, ಇದು ಸರಿಹೋಗುವ ಕೆಲಸ. ನಾನು ದುಬೈ ಕಂಪನಿಯಲ್ಲಿ ಪಿಆರ್‌ಒ (ಸರ್ಕಾರಿ ಕಚೇರಿಯ ಕೆಲಸ ನೋಡಿಕೊಳ್ಳುವವನು) ಆಗಿ ಇಂಥ ಕಾಗದಗಳಿಗೆ ತುಂಬಾ ಓಡಾಡಿದವನು.

ಮೊದಲನೆಯದಾಗಿ, ಪಂಚಾಯಿತಿಯವರು ಹೇಳಿದ್ದು ಸರಿ. ಸಾವು ನೋಂದಣಿಯಾಗುವುದು ಜೀವ ಹೋದ ಜಾಗದಲ್ಲಿ, ಸಂಸ್ಕಾರ ಆದ ಊರಿನಲ್ಲಿ ಅಲ್ಲ. ಭಾರತದ ಪ್ರಜೆ ಹೊರದೇಶದಲ್ಲಿ ತೀರಿಕೊಂಡರೆ ಅಲ್ಲಿನ ನಮ್ಮ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ನೋಂದಣಿ ಮಾಡುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಆ ನೋಂದಣಿ ಇಲ್ಲಿ ಮಾಡಿದ್ದಕ್ಕೆ ಸಮ. ತಹಶೀಲ್ದಾರ್ ಕಚೇರಿಯಲ್ಲಿ ಯಾರಾದರೂ ತಕರಾರು ಮಾಡಿದರೆ ಈ ಸೆಕ್ಷನ್ ತೋರಿಸಿ.

'ಮನೆಯಲ್ಲೇ ಹೋದರು' ಅಂತ ದಯವಿಟ್ಟು ಬರೆಸಬೇಡಿ. ಅದು ಅಪರಾಧ. ಅಷ್ಟೇ ಅಲ್ಲ, ಶವ ವಿಮಾನದಲ್ಲಿ ಬಂದ ದಾಖಲೆ ಇದೆ, ಶಾರ್ಜಾ ಪೊಲೀಸರ ದಾಖಲೆ ಇದೆ. ಒಬ್ಬರ ಸಾವಿಗೆ ಎರಡು ಊರು, ಎರಡು ಕಾಗದ ಆದರೆ ಅಲ್ಲಿಂದ ಬರಬೇಕಾದ ಹಣಕ್ಕೂ ತೊಂದರೆ. ಹೀಗೆ ಮಾಡಿ ಒಂದು ಮನೆಯವರು ಎರಡು ವರ್ಷ ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ನಿಮ್ಮ ವಿಷಯ. ಪಾಸ್‌ಪೋರ್ಟ್ ರದ್ದಾಗಿದೆ ಅಂದಿರಲ್ಲ, ಅದು ಒಳ್ಳೆಯ ಸುಳಿವು. ಅದನ್ನು ರದ್ದು ಮಾಡುವುದು ಕಾನ್ಸುಲೇಟೇ. ಅವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಇಲ್ಲದೆ ಶವ ವಿಮಾನ ಹತ್ತುವುದಿಲ್ಲ. ಅಂದರೆ ನಿಮ್ಮ ಭಾವನ ಫೈಲ್ ಅಲ್ಲಿ ಇದ್ದೇ ಇರುತ್ತದೆ. ಶಾರ್ಜಾ ಬರುವುದು ದುಬೈ ಕಾನ್ಸುಲೇಟ್ ವ್ಯಾಪ್ತಿಗೆ. ಅಬುಧಾಬಿ ಆಗಿದ್ದರೆ ಅಲ್ಲಿನ ರಾಯಭಾರ ಕಚೇರಿ. ಪಾಸ್‌ಪೋರ್ಟ್ ನಂಬರ್, ತೀರಿಕೊಂಡ ದಿನಾಂಕ ಹಾಕಿ ಕಾನ್ಸುಲೇಟ್‌ಗೆ ಇಮೇಲ್ ಬರೆಯಿರಿ. ನೋಂದಣಿ ಆಗಿದ್ದರೆ ಪ್ರಮಾಣಪತ್ರದ ಪ್ರತಿ ಕೇಳಿ. ಆಗಿರದಿದ್ದರೆ ಈಗಲೂ ಅರ್ಜಿ ಹಾಕಬಹುದು. ಉತ್ತರ ಬಾರದಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ.

ಭಾವನ ಕಂಪನಿಯ ಪಿಆರ್‌ಒ ನಂಬರ್ ಹುಡುಕಿ. ಶವ ಕಳಿಸಿದವರು ಹೆಚ್ಚಾಗಿ ಅವರೇ. ಅಲ್ಲಿನ ಮೂಲ ಮರಣ ಪತ್ರ ಅವರ ಹತ್ತಿರ ಉಳಿದಿರುವುದು ಜಾಸ್ತಿ. ಅರೇಬಿಕ್ ಮತ್ತು ಇಂಗ್ಲಿಷ್ ಎರಡೂ ತರಿಸಿ, ಯುಎಇ ವಿದೇಶಾಂಗ ಸಚಿವಾಲಯದ ಮುದ್ರೆ ಹಾಕಿಸಲು ಹೇಳಿ. ರದ್ದಾದ ಪಾಸ್‌ಪೋರ್ಟ್ ಮಾತ್ರ ಯಾರಿಗೂ ಕೊಟ್ಟು ಕಳೆದುಕೊಳ್ಳಬೇಡಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 11 ವರ್ಷದ ಗ್ರಾಚ್ಯುಟಿ (ಕೆಲಸ ಮುಗಿದಾಗ ಕಂಪನಿ ಕೊಡಬೇಕಾದ ಹಣ) ಬಂತಾ? ಅಲ್ಲಿನ ಕಾನೂನಿನಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನ. ಲೆಕ್ಕ ಹಾಕಿದರೆ 285 ದಿನದ ಮೂಲ ಸಂಬಳ. ಅದು ಅಕ್ಕನ ಮತ್ತು ಮಕ್ಕಳ ಹಕ್ಕಿನ ದುಡ್ಡು, ಬಿಡಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು ಸರ್. ಗ್ರಾಚ್ಯುಟಿ ವಿಷಯ ನಮಗೆ ಗೊತ್ತೇ ಇರಲಿಲ್ಲ. ಇನ್ನೊಂದು ತೊಡಕು. ಪಹಣಿಯಲ್ಲಿ ಅಪ್ಪನ ಹೆಸರು ಸೇರಿಸಿ ಇದೆ, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು ಇದೆ. ಸರ್ಕಾರದ ವಿಮೆ ಇದೆ ಅಂತಲೂ ಹೇಳುತ್ತಾರೆ, ನಿಜವಾ?

ಉತ್ತರ:
ಕಾನ್ಸುಲೇಟ್ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರೆಯುತ್ತದೆ. ಹಾಗಾಗಿ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಜೊತೆಗೆ ಆಧಾರ್, ರೇಷನ್ ಕಾರ್ಡ್ ಇಡಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಈಗಲೇ ಅರ್ಜಿ ಹಾಕಿ, ಕಾನ್ಸುಲೇಟ್ ಕಾಗದಕ್ಕೆ ಕಾಯುವ ಸಮಯ ಸುಮ್ನೆ ಹಾಳಾಗುವುದು ಬೇಡ.

ವಿಮೆ ಅಂದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಇಸಿಆರ್ (ಹೊರದೇಶದ ಕೆಲಸಕ್ಕೆ ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಹೋದವರಿಗೆ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ. ಹೃದಯಾಘಾತಕ್ಕೆ ಆ ಹಣ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಕಂಪನಿಯೇ ಗುಂಪು ವಿಮೆ ಮಾಡಿಸಿತ್ತಾ ಎಂದು ಅದೇ ಪಿಆರ್‌ಒ ಹತ್ತಿರ ಕೇಳಿ.

ಇನ್ನೊಬ್ಬ ಸದಸ್ಯೆ:
ನನ್ನ ದೊಡ್ಡಪ್ಪ ಅಮೆರಿಕದ ಪ್ರಜೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇತ್ತು. ಕಳೆದ ತಿಂಗಳು ಅಲ್ಲೇ ತೀರಿಕೊಂಡರು. ಮೈಸೂರಿನ ಮನೆಗೆ ಖಾತೆ ಬದಲಾಗಬೇಕು. ನಾವೂ ಕಾನ್ಸುಲೇಟ್‌ಗೇ ಹೋಗಬೇಕಾ?

ಉತ್ತರ:
ಇಲ್ಲಮ್ಮ, ನಿಮ್ಮ ದಾರಿ ಬೇರೆ. ಕಾನ್ಸುಲೇಟ್ ನೋಂದಣಿ ಮಾಡುವುದು ಭಾರತದ ಪ್ರಜೆಗಳ ಸಾವನ್ನು ಮಾತ್ರ. ಒಸಿಐ ಇದ್ದವರು ಪ್ರಜೆ ಅಲ್ಲ. ಅವರು ತೀರಿಕೊಂಡ ರಾಜ್ಯದ ಸರ್ಕಾರ ಕೊಡುವ ದೃಢೀಕೃತ ಮರಣ ಪತ್ರ ತೆಗೆದುಕೊಳ್ಳಿ. ಅದಕ್ಕೆ ಅದೇ ರಾಜ್ಯದಲ್ಲಿ ಅಪೊಸ್ಟಿಲ್ (ಬೇರೆ ದೇಶದಲ್ಲಿ ಕಾಗದ ನಡೆಯಲು ಹಾಕುವ ದೃಢೀಕರಣ) ಹಾಕಿಸಿ. ಅಪೊಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಭಾರತ, ಅಮೆರಿಕ ಎರಡೂ ಇರುವುದರಿಂದ ಇಲ್ಲಿ ಅದು ನಡೆಯುತ್ತದೆ. ಒಸಿಐ ಕಾರ್ಡನ್ನು ಮಾತ್ರ ಕಾನ್ಸುಲೇಟ್‌ಗೆ ತಿಳಿಸಿ ರದ್ದು ಮಾಡಿಸಿ. ಅಪೊಸ್ಟಿಲ್ ಆದ ಪ್ರತಿ ಎರಡು ಮೂರು ಇರಲಿ, ಬ್ಯಾಂಕಿಗೊಂದು, ಪಾಲಿಕೆಗೊಂದು ಬೇಕಾಗುತ್ತದೆ.