ಪದ ಬೇಕು (ತುರ್ತು): ಆಟಗಾರರ 'ಟ್ರೇಡ್' ಮತ್ತು 'ಡ್ರಾಫ್ಟ್ ಪಿಕ್'

ಎಲ್ಲರಿಗೂ ನಮಸ್ಕಾರ.

ಡಲ್ಲಾಸ್ ಕನ್ನಡಿಗರ ಒಂದು ಸಣ್ಣ ಪತ್ರಿಕೆಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ರಾತ್ರಿ ಪುಟ ಕಟ್ಟುತ್ತಾರೆ. ಡಲ್ಲಾಸ್ ಕೌಬಾಯ್ಸ್ ತಂಡ 2025ರಲ್ಲಿ ಮಾಡಿದ ಟ್ರೇಡ್‌ಗಳಿಂದ ಲಾಭವಾಯಿತೋ ನಷ್ಟವಾಯಿತೋ ಎಂದು ತೂಗಿ ನೋಡುವ ಬರಹ ಅದು. ಆಟ ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ. ಅಲ್ಲಿ ತಂಡಗಳು ವರ್ಷಕ್ಕೊಮ್ಮೆ ಒಂದರ ನಂತರ ಒಂದು, ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು 'ಡ್ರಾಫ್ಟ್'; ಅದರಲ್ಲಿ ಆರಿಸುವ ಒಂದೊಂದು ಅವಕಾಶ 'ಪಿಕ್'. ಆಟಗಾರರನ್ನೋ ಪಿಕ್‌ಗಳನ್ನೋ ತಂಡಗಳು ಕೊಟ್ಟು ತೆಗೆದುಕೊಳ್ಳುವುದು 'ಟ್ರೇಡ್'. ನಾನು ನಿಂತಿರುವ ಜಾಗ ಇದು:

"ಆಗಸ್ಟ್ 28ರಂದು ಕೌಬಾಯ್ಸ್ ತಂಡ ಮೈಕಾ ಪಾರ್ಸನ್ಸ್‌ನನ್ನು ಗ್ರೀನ್ ಬೇ ಪ್ಯಾಕರ್ಸ್‌ಗೆ ಟ್ರೇಡ್ ಮಾಡಿತು. ಪ್ರತಿಯಾಗಿ ಕೆನ್ನಿ ಕ್ಲಾರ್ಕ್ ಬಂದ, 2026 ಮತ್ತು 2027ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳು ಬಂದವು. ನವೆಂಬರ್ 4ರಂದು ಕ್ವಿನ್ನೆನ್ ವಿಲಿಯಮ್ಸ್‌ಗಾಗಿ ನ್ಯೂಯಾರ್ಕ್ ಜೆಟ್ಸ್‌ಗೆ 2026ರ ಎರಡನೇ ಸುತ್ತಿನ ಪಿಕ್, 2027ರ ಮೊದಲ ಸುತ್ತಿನ ಪಿಕ್ ಮತ್ತು ಮಾಜಿ ಸ್ಮಿತ್‌ನನ್ನು ಬಿಟ್ಟುಕೊಟ್ಟಿತು."

ಸದ್ಯಕ್ಕೆ 'ಕರಡು ಆಯ್ಕೆ', 'ವ್ಯಾಪಾರ' ಎಂದು ಬರೆದುಕೊಂಡಿದ್ದೇನೆ. ಓದಿದರೆ ಹಿತವಾಗಿಲ್ಲ. ಎರಡಕ್ಕೂ ಪದ ಕೊಡಿ, ದಯವಿಟ್ಟು.

ಉತ್ತರ, ಮೈಸೂರಿನಿಂದ

'ಕರಡು' ಬೇಡವೇ ಬೇಡ. ಕರಡು ಅಂದರೆ ಇನ್ನೂ ತಿದ್ದಬೇಕಾದ ಬರಹ. ಆಟಗಾರರನ್ನು ಯಾರೂ ತಿದ್ದುತ್ತಿಲ್ಲ. 'ವ್ಯಾಪಾರ'ವೂ ತಪ್ಪು, ಇಲ್ಲಿ ತಂಡಗಳ ನಡುವೆ ದುಡ್ಡು ಓಡಾಡಿಲ್ಲ. 'ವಿನಿಮಯ' ಎಂದು ಹಾಕಿ ಮುಗಿಸಿ.

ಉತ್ತರ, ಧಾರವಾಡದಿಂದ

'ವಿನಿಮಯ' ಬ್ಯಾಂಕಿನ ಬೋರ್ಡಿಗೆ ಸರಿ, ಆಟದ ವರದಿಗೆ ಜೀವ ಇಲ್ಲದ ಪದ.

ನಮ್ಮಲ್ಲೇ 'ಸಾಟಿ' ಇದೆಯಲ್ಲ! ದುಡ್ಡಿಲ್ಲದೆ ವಸ್ತುವಿಗೆ ವಸ್ತು ಕೊಡುವುದನ್ನು 'ಸಾಟಿ ವ್ಯಾಪಾರ' ಎಂದು ಶಾಲೆಯಲ್ಲೇ ಓದಿದ್ದೇವೆ. ಇದೇ ಪದಕ್ಕೆ 'ಸಮ' ಎಂಬ ಅರ್ಥವೂ ಇದೆ: 'ಇವನಿಗೆ ಸಾಟಿ ಯಾರು?' ನಿಮ್ಮ ಲೇಖನ ಕೇಳುತ್ತಿರುವುದೂ ಅದನ್ನೇ ಅಲ್ವಾ? ಕೊಟ್ಟದ್ದಕ್ಕೆ ಬಂದದ್ದು ಸಾಟಿಯಾಯಿತೇ? ಪಾರ್ಸನ್ಸ್‌ಗೆ ಕ್ಲಾರ್ಕ್ ಒಬ್ಬನೇ ಸಾಟಿಯಲ್ಲ, ಅದಕ್ಕೇ ಎರಡು ಪಿಕ್ ಸೇರಿಸಿದರು. ಮೇ ತಿಂಗಳ ಟ್ರೇಡ್ ನೋಡಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ 2026ರ ಮೂರನೇ ಸುತ್ತಿನ ಪಿಕ್ ಒಂದು, 2027ರ ಐದನೇ ಸುತ್ತಿನದೊಂದು ಕೊಟ್ಟು ಜಾರ್ಜ್ ಪಿಕೆನ್ಸ್‌ನನ್ನೂ ಒಂದು ಆರನೇ ಸುತ್ತಿನದನ್ನೂ ತಂದರು. ಆತ ಆ ಸೀಸನ್ನಿನಲ್ಲಿ ಪಾಸ್ ಹಿಡಿದು 1,400 ಗಜಕ್ಕೂ ಜಾಸ್ತಿ ಗಳಿಸಿದ. ಅಲ್ಲಿ ಸಾಟಿಗಿಂತ ಹೆಚ್ಚೇ ಸಿಕ್ಕಿತು. ಇಷ್ಟನ್ನು 'ವಿನಿಮಯ'ದಲ್ಲಿ ಹೇಳಿ ನೋಡೋಣ.

ಉತ್ತರ, ಬೆಂಗಳೂರಿನಿಂದ

'ಸಾಟಿ' ಚೆನ್ನಾಗಿದೆ. ಆದರೆ ಎಲ್ಲರೂ 'ಟ್ರೇಡ್' ಹಿಡಿದುಕೊಂಡು ಕೂತಿದ್ದೀರಿ. ಕಷ್ಟ ಇರುವುದು 'ಪಿಕ್'ನಲ್ಲಿ.

'ಆಯ್ಕೆ' ಎಂದರೆ ಅರ್ಥ ಕೆಡುತ್ತದೆ. ಕನ್ನಡದಲ್ಲಿ 'ನನ್ನ ಮೊದಲ ಆಯ್ಕೆ' ಅಂದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. 'ತಂಡದ ಎರಡನೇ ಆಯ್ಕೆ' ಅಂದರೆ ಮೊದಲನೆಯದು ಸಿಗದಿದ್ದಾಗ ತೆಗೆದುಕೊಂಡದ್ದು. 'ಆಯ್ಕೆ' ಅಂದಾಗ ಆರಿಸುವುದು ಆಗಲೇ ಮುಗಿದಂತೆಯೂ ಕೇಳುತ್ತದೆ. ಇಲ್ಲಿ ತಂಡಗಳು ಕೈ ಬದಲಾಯಿಸುವುದು ಇನ್ನೂ ಆರಿಸದ ಆಟಗಾರನನ್ನಲ್ಲ, ಆರಿಸುವ ಸಾಲಿನಲ್ಲಿ ತಮ್ಮ ಜಾಗವನ್ನು. ಅದಕ್ಕೆ ಕನ್ನಡದಲ್ಲಿ 'ಸರದಿ' ಇದೆ. ರೇಷನ್ ಅಂಗಡಿ ಮುಂದೆ ನಿಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಅಕ್ಕಿ ಕೊಟ್ಟಂತಾಗುವುದಿಲ್ಲ.

ಈ ವ್ಯತ್ಯಾಸ ಸುಮ್ನೆ ಎಳೆದು ತಂದದ್ದಲ್ಲ. 1936ರಲ್ಲಿ ಎನ್‌ಎಫ್‌ಎಲ್‌ನ (ಕೌಬಾಯ್ಸ್ ಆಡುವ ಅಮೆರಿಕನ್ ಫುಟ್‌ಬಾಲ್ ಲೀಗ್) ಮೊಟ್ಟಮೊದಲ ಡ್ರಾಫ್ಟ್ ನಡೆಯಿತು. ಮೊದಲ ಸರದಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಜೇ ಬರ್ವಾಂಗರ್‌ನನ್ನು ಆರಿಸಿತು. ಆಮೇಲೆ ಅವನ ಮೇಲಿನ ಹಕ್ಕನ್ನು ಶಿಕಾಗೋ ಬೇರ್ಸ್‌ಗೆ ಕೊಟ್ಟಿತು. ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ! ಸರದಿ ಬೇರೆ, ಹಕ್ಕು ಬೇರೆ, ಆಟಗಾರ ಬೇರೆ ಎನ್ನುವುದು ಮೊದಲ ವರ್ಷದಲ್ಲೇ ಗೊತ್ತಾಯಿತು.

ಸರದಿಗೆ ಬೆಲೆ ಕಟ್ಟುವ ಪಟ್ಟಿಯೂ ಇದೆ. 1990ರ ದಶಕದ ಆರಂಭದಲ್ಲಿ, ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದಾಗ, ಅದನ್ನು ಮಾಡಿಕೊಂಡದ್ದು ಇದೇ ಕೌಬಾಯ್ಸ್. ಮೊದಲ ಸರದಿಗೆ 3,000 ಅಂಕ, ಎರಡನೆಯದಕ್ಕೆ 2,600, ಹತ್ತನೆಯದಕ್ಕೆ 1,300, 32ನೆಯದಕ್ಕೆ 590. ಅಂಕ ಬೀಳುವುದು ಜಾಗಕ್ಕೆ, ವ್ಯಕ್ತಿಗಲ್ಲ. ಅದಕ್ಕೂ ಮುಂಚೆ, 1989ರ ಅಕ್ಟೋಬರ್‌ನಲ್ಲಿ, ಹರ್ಷೆಲ್ ವಾಕರ್‌ನನ್ನು ಮಿನೆಸೋಟ ವೈಕಿಂಗ್ಸ್‌ಗೆ ಕೊಟ್ಟು ಐವರು ಆಟಗಾರರನ್ನೂ ರಾಶಿ ಸರದಿಗಳನ್ನೂ ತಂದಿದ್ದರು. ಹಾಗೆ ಬಂದ 1990ರ 21ನೇ ಸರದಿಯನ್ನು ಸ್ಟೀಲರ್ಸ್‌ಗೆ ದಾಟಿಸಿ 17ನೆಯದಕ್ಕೆ ಮೇಲೇರಿದರು. ಅಲ್ಲಿ ಆರಿಸಿದ್ದು ಎಮಿಟ್ ಸ್ಮಿತ್‌ನನ್ನು. ಚೆಂಡು ಹಿಡಿದು 18,355 ಗಜ ಓಡಿ ಲೀಗಿನ ದಾಖಲೆ ಬರೆದವನು. '21ನೇ ಆಯ್ಕೆಯನ್ನು ಕೊಟ್ಟು 17ನೇ ಆಯ್ಕೆ ಪಡೆದರು' ಎಂದು ಬರೆಯಿರಿ, ಇಬ್ಬರು ಆಟಗಾರರನ್ನು ಅದಲುಬದಲು ಮಾಡಿದಂತೆ ಕೇಳುತ್ತದೆ. 'ಸರದಿ' ಹಾಕಿ ಓದಿ, ತಾನೇ ಬಿಡಿಸಿಕೊಳ್ಳುತ್ತದೆ.

ಡ್ರಾಫ್ಟ್ ಪಿಕ್ = ಆಯ್ಕೆ ಸರದಿ. ಎರಡನೇ ಸಲ ಬಂದಾಗ ಬರೀ 'ಸರದಿ' ಸಾಕು.

ಉತ್ತರ, ಶಿವಮೊಗ್ಗದಿಂದ

ಒಬ್ಬರು 'ಸಾಟಿ' ಅನ್ನುತ್ತಾರೆ, ಮರಾಠಿಯಲ್ಲಿ 'ಸಾಟೇಲೋಟೇ' ಇದೆ. ಇನ್ನೊಬ್ಬರು 'ಅದಲುಬದಲು' ಬರೆಯುತ್ತಾರೆ, 'ಬದಲು' ಅರಬ್ಬಿ. ಐಪಿಎಲ್ ಬಂದಾಗಿನಿಂದ ದಿನಾ ಬರೆಯುವ 'ಹರಾಜು' ಅರಬ್ಬಿ, ಉತ್ತರ ಕರ್ನಾಟಕದ 'ಲಿಲಾವು' ಪೋರ್ಚುಗೀಸ್. ಆಟದ ಪುಟದಲ್ಲಿ ಕನ್ನಡದ್ದು ಅಂತ ಏನಾದರೂ ಉಳಿದಿದೆಯೇ? 'ಕೊಡು', 'ಕೊಳ್ಳು' ಎರಡೂ ನಮ್ಮವು. ಟ್ರೇಡ್‌ಗೆ 'ಕೊಳುಕೊಡೆ', ಪಿಕ್‌ಗೆ 'ಆಯುವ ಹಕ್ಕು' ಎಂದು ಬರೆಯಿರಿ. ಮೊದಮೊದಲು ಹೊಸದು ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಉತ್ತರ, ಧಾರವಾಡದಿಂದ

'ಹಕ್ಕು' ಅರಬ್ಬಿ. ನಿಮ್ಮ ನಿಯಮ ನಿಮ್ಮ ಪದದಲ್ಲೇ ನಿಲ್ಲಲಿಲ್ಲ.

ಸಾಟಿ, ಬದಲು, ಹರಾಜು ಇವನ್ನು ಸಂತೆಯಲ್ಲಿ ಆಡುವ ಜನ ಯಾವ ನಿಘಂಟನ್ನೂ ಕೇಳಿ ಆಡಿದವರಲ್ಲ. ಅವರ ಬಾಯಲ್ಲಿ ತಲೆಮಾರುಗಳಿಂದ ಇರುವ ಪದವನ್ನು ಹೊರಗಿನದು ಅಂದರೆ ಆ ಜನರನ್ನೇ ಹೊರಗಿಟ್ಟಂತೆ. ಇದನ್ನು ನಾನು ಒಪ್ಪುವುದಿಲ್ಲ. 'ಕೊಳುಕೊಡೆ' ಒಳ್ಳೆಯ ಪದವೇ, ಬೇಡ ಅನ್ನುತ್ತಿಲ್ಲ. ಆದರೆ ಅದರಲ್ಲಿ ಮಾರಾಟವೂ ಸೇರುತ್ತದೆ, ಇಲ್ಲಿ ಮಾರಾಟ ಇಲ್ಲ.

ಉತ್ತರ, ಮೈಸೂರಿನಿಂದ

ಜನರ ಬಾಯಲ್ಲಿರುವುದೇ ಪ್ರಮಾಣವಾದರೆ 'ಟ್ರೇಡ್' ಎಂದೇ ಬಿಡಿ. ಡಲ್ಲಾಸ್‌ನಲ್ಲಿ ಓದುವವರಿಗೆ ಅದೇ ಗೊತ್ತು. ಐಪಿಎಲ್ ವರದಿಯಲ್ಲೂ ಅದೇ ಬರುತ್ತದೆ.

ಉತ್ತರ, ಬೆಂಗಳೂರಿನಿಂದ

ಐಪಿಎಲ್‌ನಲ್ಲಿ 'ಟ್ರೇಡ್' ಎರಡು ಬೇರೆ ಕೆಲಸಕ್ಕೆ ಒಂದೇ ಹೆಸರು. 2023ರಲ್ಲಿ ಕ್ಯಾಮರಾನ್ ಗ್ರೀನ್ ಮುಂಬೈನಿಂದ ಆರ್‌ಸಿಬಿಗೆ ಬಂದದ್ದು ಪೂರ್ತಿ ದುಡ್ಡಿಗೆ, 17.5 ಕೋಟಿ. 2025ರಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೆ ಹೋದ, ಜಡೇಜಾ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ ಬಂದರು. ಎರಡನೆಯದು ಸಾಟಿ, ಮೊದಲನೆಯದು ಅಲ್ಲ. ಕನ್ನಡ ಇವನ್ನು ಬೇರೆ ಮಾಡಿ ಹೇಳಬಲ್ಲದು, ಹೇಳಲಿ.

ಅನುವಾದಕರಿಗೆ ಎರಡು ಮಾತು. 'ಟ್ರೇಡ್' ಬಂದ ಕಡೆಯೆಲ್ಲ ನಾಮಪದ ಹುಡುಕಬೇಡಿ. 'ಪಾರ್ಸನ್ಸ್‌ನನ್ನು ಪ್ಯಾಕರ್ಸ್‌ಗೆ ಬಿಟ್ಟುಕೊಟ್ಟು, ಕ್ಲಾರ್ಕ್‌ನನ್ನೂ ಮೊದಲ ಸುತ್ತಿನ ಎರಡು ಸರದಿಗಳನ್ನೂ ಪಡೆಯಿತು' ಎಂದರೆ ಆಯಿತು. ನಿಮ್ಮ ಎರಡನೇ ವಾಕ್ಯದಲ್ಲಿ ಆಗಲೇ 'ಬಿಟ್ಟುಕೊಟ್ಟಿತು' ಇದೆ, ಸರಿಯಾಗಿದೆ.

ಇನ್ನೊಂದು, 2027ರ ಸರದಿಗೆ ಲೇಖನದಲ್ಲಿ ಯಾರಾದರೂ 'ಮೌಲ್ಯಮಾಪನ' ಎಂದು ಬರೆದಿದ್ದರೆ 'ಅಂದಾಜು' ಎಂದು ತಿದ್ದಿ. ಸರದಿ ಎಷ್ಟನೆಯದು ಎಂಬುದು ತಂಡಗಳು 2026ರ ಸೀಸನ್ ಹೇಗೆ ಆಡುತ್ತವೆ ಎಂಬುದರ ಮೇಲೆ ನಿಂತಿದೆ. ಕಡಿಮೆ ಗೆದ್ದವರಿಗೆ ಸಾಲಿನಲ್ಲಿ ಮೊದಲ ಜಾಗ. ಆಡುವ ಮುಂಚೆ ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ, ಅಂದಾಜು ಮಾಡಬಹುದು ಅಷ್ಟೇ.